ಯಮುನ ಹೊರಗೆ ಕೂತ ದಿನಗಳು

ಹುಣ್ಣಿಮೆ ಕಳೆದ ಮರುದಿನ ಬೆಳಿಗ್ಗೆ ಯಮುನ ಒಲೆಯ ಮುಂದಿನಿಂದ ಎದ್ದು, ಯಾರೊಂದಿಗೂ ಮಾತಾಡದೆ ಹಿಂಬಾಗಿಲಿಂದ ಇಳಿದು, ಕೊಟ್ಟಿಗೆಗೆ ತಾಗಿಕೊಂಡಿದ್ದ ಪುಟ್ಟ ಕೋಣೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಅತ್ತೆ ಬೊಳ್ಳಮ್ಮ ಕಿಟಕಿಯಿಂದ ಇಣುಕಿ "ಆತಾ?" ಎಂದು ಕೇಳುವಳು. ಯಮುನ ತಲೆಯಾಡಿಸುವಳು. ಆಮೇಲೆ ಚಾಪೆ, ತಟ್ಟೆ, ಲೋಟ ದೂರದಿಂದಲೇ ಹೊರಗೆ ಬಂದು ಬೀಳುತ್ತಿದ್ದವು. ಮೂರು ದಿನ ಅವಳು ಮನೆಗೂ ಇಲ್ಲ, ದೇವರಿಗೂ ಇಲ್ಲ. ನಾಲ್ಕನೆಯ ದಿನ ಹೊಳೆಯಲ್ಲಿ ಮಿಂದು ಒಳಗೆ ಬಂದರೆ ಮತ್ತೆ ಸೊಸೆ. ಕೊಡಗಿನ ನಾಪೋಕ್ಲು ಕಡೆಯ ಆ ಗೌಡರ ಮನೆಯಲ್ಲಿ ಇದು ಎಷ್ಟು ಕರಾರುವಾಕ್ಕಾಗಿ ನಡೆಯುತ್ತಿತ್ತೆಂದರೆ, ಬೊಳ್ಳಮ್ಮ ನೆಂಟರ ಮನೆಗೆ ಹೋಗುವುದನ್ನೂ ಸೊಸೆ ಹೊರಗಾಗುವ ದಿನ ನೋಡಿಕೊಂಡೇ ಗೊತ್ತುಮಾಡುತ್ತಿದ್ದಳು.

ಬೊಳ್ಳಮ್ಮನಿಗೆ ಗೊತ್ತಿಲ್ಲದ ಒಂದೇ ಸಂಗತಿಯೆಂದರೆ, ಹಾಗೆ ಹೊರಗೆ ಕೂರುವಾಗ ಯಮುನಳಿಗೆ ಮುಟ್ಟು ಆಗಿರುತ್ತಿರಲಿಲ್ಲ.

ಇದನ್ನು ಕೇಳಿದವರು ಮೊದಲು ಯಮುನಳನ್ನೇ ಬೈಯುತ್ತಾರೆ. ಬೈಯುವುದಕ್ಕೇನು, ಬಾಯಿಗೆ ಬಾಡಿಗೆ ಕೊಡಬೇಕಾಗಿಲ್ಲ. ಆದರೆ ಅವಳು ಸುಮ್ಮಸುಮ್ಮನೆ ಈ ನಾಟಕಕ್ಕೆ ಇಳಿದವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಎರಡು ತಿಂಗಳು ಮುಟ್ಟು ಬರಲಿಲ್ಲ. ತವರಿನಲ್ಲೂ ಹಾಗೆಯೇ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಾಯಿ ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಅಂದಿದ್ದಳು. ಗಂಡನ ಮನೆಯಲ್ಲಿ ಅದಕ್ಕೆ ಬೇರೆಯದೇ ಅರ್ಥ ಹುಟ್ಟಿತು. ಸೊಸೆ ಹೊರಗಾಗಿಲ್ಲ ಅಂದಮೇಲೆ ಇನ್ನೇನು? ಬೊಳ್ಳಮ್ಮ ಕೇರಿಯ ಕೊನೆಯ ಮನೆಯವರೆಗೂ ಸುದ್ದಿ ಮುಟ್ಟಿಸಿದಳು. ಯಮುನಳಿಗೆ ಹುಳಿ ಬೇಕೆನಿಸುವ ಮೊದಲೇ ಮಾವಿನ ಉಪ್ಪಿನಕಾಯಿ ತಟ್ಟೆಗೆ ಬಂತು. ನಾಲ್ಕನೆಯ ತಿಂಗಳಲ್ಲಿ ಧೋ ಎಂದು ರಕ್ತ ಹೋಯಿತು. ಹೊಟ್ಟೆ ಇಳಿಯಿತು ಎಂದು ಮನೆಯವರೆಲ್ಲ ಅತ್ತರು. ಯಮುನಳೂ ಅತ್ತಳು, ಅವಳಿಗೂ ಹಾಗೆಯೇ ಅನ್ನಿಸಿತ್ತು.

ಮರುವರ್ಷವೂ ಅದೇ ಆಯಿತು. ಈ ಸಲ ಅಳುವವರು ಕಡಿಮೆ, ಮುಖ ತಿರುಗಿಸುವವರು ಹೆಚ್ಚು. ಇವಳಲ್ಲಿ ಮಗು ನಿಲ್ಲುವುದಿಲ್ಲ ಎಂದು ಒಬ್ಬರು ಅಂದರೆ, ಇವಳೇ ತಿನ್ನುತ್ತಾಳೆ ಎಂದು ಇನ್ನೊಬ್ಬರು ಪಿಸುಗುಟ್ಟಿದರು. ಮೂರನೆಯ ಸಲ ಎರಡು ತಿಂಗಳು ಕಳೆದು, ಬೊಳ್ಳಮ್ಮನ ಕಣ್ಣು ಯಮುನಳ ಹೊಟ್ಟೆಯ ಮೇಲೆ ಬೀಳುವುದಕ್ಕೆ ಶುರುವಾಯಿತು. ಇಲ್ಲದ ಮಗುವನ್ನು ಮತ್ತೊಮ್ಮೆ ಕೊಂದ ಹೆಸರು ಅವಳಿಗೆ ಬೇಡವಾಗಿತ್ತು. ಅವತ್ತು ಹುಣ್ಣಿಮೆಯ ಮರುದಿನ. ಎದ್ದಳು, ಹಿಂಬಾಗಿಲಿಂದ ಇಳಿದಳು, ಕೋಣೆಯ ಮುಂದೆ ನಿಂತಳು. ಬೊಳ್ಳಮ್ಮನಿಗೆ ನಿರಾಸೆಯಾಯಿತು, ಆದರೆ ಬೈಯುವುದಕ್ಕೆ ಏನೂ ಸಿಕ್ಕಲಿಲ್ಲ. ತಿಂಗಳು ತಿಂಗಳು ಹೊರಗೆ ಕೂರುವ ಹೆಂಗಸಿನ ಮೇಲೆ ತಪ್ಪು ಹೊರಿಸುವುದು ಕಷ್ಟ. ಯಮುನ ಆ ಕಷ್ಟದ ಹಿಂದೆ ಅಡಗಿಕೊಂಡಳು, ಮತ್ತೆ ಹೊರಗೆ ಬರುವ ದಾರಿಯೇ ಅವಳಿಗೆ ಕಾಣಲಿಲ್ಲ.

ಯಾಕೆಂದರೆ ನಿಜವಾದ ಮುಟ್ಟು ಹೇಳಿ ಕೇಳಿ ಬರುತ್ತಿರಲಿಲ್ಲ. ಅದು ಬರುವಾಗ ಅವಳು ಅಡುಗೆಮನೆಯಲ್ಲಿರುತ್ತಿದ್ದಳು, ಕಣದಲ್ಲಿರುತ್ತಿದ್ದಳು, ಒಮ್ಮೆ ಮನೆತನದ ಸತ್ತ ಹಿರಿಯರಾದ ಕಾರಣವರಿಗೆ ಎಡೆ ಇಡುವ ದಿನ ಕೋಳಿ ಸಾರಿನ ಪಾತ್ರೆ ಹಿಡಿದು ನಡುಮನೆಯ ದೀಪದ ಎದುರೇ ಇದ್ದಳು. ಆಗ ಹೊರಗೆ ಹೋಗಿ ಕೂತರೆ ಒಂದೇ ತಿಂಗಳಲ್ಲಿ ಎರಡು ಸಲವೇ ಎಂದು ಕೇಳುತ್ತಾರೆ. ಹಲ್ಲು ಕಚ್ಚಿಕೊಂಡು ಬಡಿಸಿದಳು. ಅದಾಗಿ ಕೆಲವೇ ದಿನಕ್ಕೆ ಗಬ್ಬದ ಹಸುವೊಂದು ಕೆಸರಲ್ಲಿ ಸಿಕ್ಕಿ ಸತ್ತಿತು. ಹಸು ಕೆಸರಿಗೆ ಹೋದದ್ದು ಬೇಲಿ ಮುರಿದಿದ್ದರಿಂದ ಎಂದು ಎಲ್ಲರಿಗೂ ಗೊತ್ತಿತ್ತು. ಯಮುನಳಿಗೆ ಮಾತ್ರ ಬೇಲಿಯ ಮೇಲೆ ನಂಬಿಕೆ ಬರಲಿಲ್ಲ.

ಇದರ ಮೇಲೆ ಮೈ ಬೇರೆ ಅವಳ ಮಾತು ಕೇಳುತ್ತಿರಲಿಲ್ಲ. ಮದುವೆಯಲ್ಲಿ ಹೊಲಿಸಿದ ರವಿಕೆಗಳು ಒಂದೊಂದಾಗಿ ಬಿಗಿಯಾದವು. ಉಣ್ಣುವುದು ಉಳಿದವರಷ್ಟೇ, ಕೆಲಸ ಉಳಿದವರಿಗಿಂತ ಹೆಚ್ಚು, ಆದರೂ ಸೊಂಟ ಇಳಿಯಲಿಲ್ಲ. ಗಲ್ಲದ ಕೆಳಗೆ ಒರಟು ಕೂದಲು ಮೂಡಿತು. ಮನೆಯಲ್ಲಿ ಮುಳ್ಳು ಕೀಳುವುದಕ್ಕಿದ್ದ ಚಿಮ್ಮಟವನ್ನು ಸೆರಗಲ್ಲಿ ಅಡಗಿಸಿಕೊಂಡು ಹೊಳೆಯ ಹತ್ತಿರ ಹೋಗಿ, ಬೆರಳಲ್ಲಿ ತಡವಿ ತಡವಿ ಕೀಳುತ್ತಿದ್ದಳು. ಕಿತ್ತಷ್ಟೂ ಬರುತ್ತಿತ್ತು. ತಾನು ಹೆಂಗಸಾಗಿ ಹುಟ್ಟಿ ಅರ್ಧದಲ್ಲಿ ಕೆಟ್ಟುಹೋದವಳು ಎಂದು ಅವಳು ತೀರ್ಮಾನ ಮಾಡಿಕೊಂಡಿದ್ದಳು. ಇದನ್ನು ಯಾರ ಹತ್ತಿರ ಹೇಳುವುದು?

ಗಂಡ ಸೋಮಯ್ಯ ಒಳ್ಳೆಯವನೇ. ಅವ್ವನ ಎದುರು ಮಾತಾಡದ ಒಳ್ಳೆಯವನು. ಮಕ್ಕಳಿಲ್ಲದೆ ಎಂಟು ಹುತ್ತರಿ ಸುಗ್ಗಿ ಕಳೆದ ಮೇಲೆ ಬೊಳ್ಳಮ್ಮ ತನ್ನ ದೂರದ ನೆಂಟರ ಮಗಳು ಸರೋಜಳ ಹೆಸರೆತ್ತಿದಳು. ಕೊಡಗು ಆಗ ಬೇರೆಯೇ ಒಂದು ರಾಜ್ಯ. ಮಡಿಕೇರಿಯಲ್ಲಿ ಮಂತ್ರಿಗಳಿದ್ದರು, ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಬಸ್ಸಿನಲ್ಲೆಲ್ಲ ಜಗಳವಿತ್ತು, ಆದರೆ ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರಬಾರದು ಎಂದು ಯಾರೂ ಹೇಳಿರಲಿಲ್ಲ. ಸೋಮಯ್ಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅದಕ್ಕೆ ಮೊದಲು ಒಮ್ಮೆ ಮಡಿಕೇರಿಯ ಹೆಣ್ಣು ಡಾಕ್ಟರಿಗೆ ತೋರಿಸಿ ಬರುವುದು ಎಂದಾಯಿತು. ತೋರಿಸಿದ್ದೇವೆ ಅಂದರೆ ನಾಳೆ ಯಮುನಳ ತವರಿನವರು ಬಾಯಿ ತೆರೆಯುವ ಹಾಗಿಲ್ಲ, ಅದು ಬೊಳ್ಳಮ್ಮನ ಲೆಕ್ಕ.

ಮುಂಗಾರು ಹಿಡಿಯುವ ಮೊದಲು ಅತ್ತೆ ಸೊಸೆ ಇಬ್ಬರೂ ಮೂರ್ನಾಡು ದಾರಿಯ ಬಸ್ಸು ಹತ್ತಿದರು. ಡಾಕ್ಟರು ವಿಶಾಲಾಕ್ಷಮ್ಮ ಮೈಸೂರು ಸೀಮೆಯವರು, ಮದರಾಸಿನಲ್ಲಿ ಓದಿ ಬಂದು ಮಡಿಕೇರಿಯಲ್ಲಿ ಸ್ವಂತ ದವಾಖಾನೆ ಇಟ್ಟವರು. ಬೊಳ್ಳಮ್ಮನನ್ನು ಹೊರಗೆ ಕೂರಿ ಅಂದರು. ಬೊಳ್ಳಮ್ಮ ಅದು ತನಗಲ್ಲ ಎಂಬಂತೆ ಸ್ಟೂಲು ಎಳೆದುಕೊಂಡು ಒಳಗೇ ಕೂತಳು.

"ತಿಂಗಳು ತಿಂಗಳು ಸರಿಯಾಗಿ ಆಗ್ತಾ ಇದೆಯಾ?" ಡಾಕ್ಟರು ಯಮುನಳನ್ನು ಕೇಳಿದರು.

"ಅದಕ್ಕೆ ಮಾತ್ರ ನಮ್ಮ ಸೊಸೆಗೆ ಕೊರತೆ ಇಲ್ಲೆ ಡಾಕ್ಟ್ರಮ್ಮ," ಬೊಳ್ಳಮ್ಮ ಉತ್ತರ ಕೊಟ್ಟಳು. "ಹುಣ್ಣಿಮೆ ಕಳ್ದ್ ಮಾರ್ನೆ ದಿನ ಹೊರಗೆ. ಎಷ್ಟ್ ವರ್ಷಂದ ನೋಡ್ತಾ ಒಳೆ, ಒಂದ್ ತಿಂಗ ತಪ್ಪಿದ್ದಿಲ್ಲೆ."

ಡಾಕ್ಟರು ಯಮುನಳನ್ನು ಮಲಗಿಸಿ ಪರೀಕ್ಷೆ ಮಾಡಿದರು. ಒಳಗಿನ ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಅವಳ ಗಲ್ಲವನ್ನು ಬೆಳಕಿಗೆ ತಿರುಗಿಸಿ, ಚಿಮ್ಮಟದ ಗಾಯಗಳನ್ನು ಹೆಬ್ಬೆರಳಿಂದ ಸವರಿದರು. ಯಮುನ ಕಣ್ಣು ಮುಚ್ಚಿಕೊಂಡಳು. ಗಂಡ ಕೂಡ ಮುಟ್ಟದ ಜಾಗ ಅದು.

"ವಿಚಿತ್ರ," ಎಂದರು ಡಾಕ್ಟರು, ಕೈ ತೊಳೆಯುತ್ತಾ. "ನೋಡಮ್ಮ, ಗರ್ಭಕೋಶದ ಎರಡು ಬದಿಯಲ್ಲೂ ಒಂದೊಂದು ಅಂಡಕೋಶ ಇರುತ್ತೆ. ತಿಂಗಳಿಗೊಂದು ತತ್ತಿ ಅಲ್ಲಿ ಹಣ್ಣಾಗಿ ಹೊರಗೆ ಬರಬೇಕು. ಕೆಲವು ಹೆಂಗಸರಲ್ಲಿ ಅದು ಬರೋದೇ ಇಲ್ಲ. ಅಲ್ಲೇ ಉಳಿದು ಸಣ್ಣ ಸಣ್ಣ ನೀರುಗುಳ್ಳೆ ಆಗಿ, ಅಂಡಕೋಶ ದಪ್ಪ ಆಗ್ಬಿಡುತ್ತೆ. ಅಂಥವರಿಗೆ ಮುಟ್ಟು ತಿಂಗಳುಗಟ್ಟಲೆ ನಿಂತುಹೋಗುತ್ತೆ, ಬಂದರೆ ವಿಪರೀತ ಬರುತ್ತೆ. ಮೈ ಬರುತ್ತೆ, ಗಲ್ಲದ ಮೇಲೆ ಕೂದಲು ಬರುತ್ತೆ, ಮಕ್ಕಳಾಗಲ್ಲ. ನಿನ್ನ ನೋಡಿದ ತಕ್ಷಣ ನನಗೆ ಅದೇ ಅನ್ನಿಸಿತು."

ಯಮುನಳಿಗೆ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಯಿತು. ಇಷ್ಟು ವರ್ಷ ತಾನೊಬ್ಬಳೇ ಹೊತ್ತುಕೊಂಡು ತಿರುಗಿದ್ದನ್ನು ಈ ಹೆಂಗಸು ಅಡುಗೆ ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದಾರೆ. ಬೇರೆಯವರಿಗೂ ಹೀಗಾಗುತ್ತದೆಯಂತೆ. ಅದಕ್ಕೊಂದು ಕಾರಣವಿದೆಯಂತೆ.

"ಅದು ಶಾಪನಾ ಡಾಕ್ಟ್ರಮ್ಮ?" ಎಂದು ಕೇಳಿಯೇಬಿಟ್ಟಳು.

"ಶಾಪವೂ ಇಲ್ಲ, ಪಾಪವೂ ಇಲ್ಲ. ಮೈಯೊಳಗಿನ ರಸಗಳು ಏರುಪೇರಾಗೋದು ಅಷ್ಟೆ. ಮದರಾಸಿನಲ್ಲಿ ಒಂದು ಆಪರೇಷನ್ ಮಾಡ್ತಾರೆ, ಅಂಡಕೋಶದಿಂದ ಒಂದು ಹೋಳು ತೆಗೀತಾರೆ. ಎಷ್ಟೋ ಜನಕ್ಕೆ ಮುಟ್ಟು ಸರಿಹೋಗಿದೆ, ಕೆಲವರಿಗೆ ಮಕ್ಕಳೂ ಆಗಿವೆ. ಅನ್ನ, ಸಿಹಿ ಕಡಿಮೆ ಮಾಡಿ ಮೈ ಇಳಿಸಿದ ಮೇಲೆ ತಾನಾಗೇ ಸರಿಹೋದವರನ್ನೂ ನಾನು ಕಂಡಿದ್ದೀನಿ." ಡಾಕ್ಟರು ಟವೆಲು ಮಡಚಿಟ್ಟು ಮತ್ತೆ ಅವಳ ಕಡೆ ತಿರುಗಿದರು. "ಆದರೆ ತಿಂಗಳು ತಪ್ಪದೆ ಮುಟ್ಟಾಗೋಳಿಗೆ ನಾನು ಆ ಆಪರೇಷನ್ ಹೇಳೋ ಹಾಗಿಲ್ಲ. ನೀನೇ ಹೇಳಮ್ಮ. ನಿಮ್ಮತ್ತೆ ಹೇಳಿದ್ದು ಸರಿನಾ?"

ಬಾಗಿಲು ತೆರೆದಿತ್ತು. ಒಂದು ಮಾತು ಸಾಕಿತ್ತು. ಯಮುನ ಸ್ಟೂಲಿನ ಕಡೆ ನೋಡಿದಳು. ಬೊಳ್ಳಮ್ಮ ಮಡಿಲಲ್ಲಿ ಎಲೆಯಡಿಕೆ ಚೀಲ ಇಟ್ಟುಕೊಂಡು, ಇದೇನು ಕೇಳುವ ಮಾತು ಎಂಬಂತೆ ಕೂತಿದ್ದಳು. ಇಲ್ಲ ಎಂದರೆ ಇಷ್ಟು ವರ್ಷದ ಸುಳ್ಳು ಬಯಲಾಗುತ್ತದೆ. ಕಾರಣವರ ಎಡೆಯ ದಿನ ಎಲ್ಲಿದ್ದೆ ಎಂದು ಕೇಳುತ್ತಾರೆ, ಸತ್ತ ಹಸುವನ್ನು ಕೇಳುತ್ತಾರೆ. ಗುಳ್ಳೆ, ಹೋಳು ಎಲ್ಲ ಆಮೇಲೆ. ಬಸ್ಸು ಇಳಿಯುವ ಮೊದಲೇ ಸರೋಜಳ ಮದುವೆ ಗಟ್ಟಿಯಾಗುತ್ತದೆ.

"ಹೂಂ," ಎಂದಳು ಯಮುನ.

"ಹಾಗಿದ್ದರೆ ಇದು ಅದಲ್ಲ," ಎಂದರು ಡಾಕ್ಟರು, ಇನ್ನೂ ಅನುಮಾನದಲ್ಲೇ. "ಮುಂದಿನ ಸಲ ಗಂಡನನ್ನು ಕರ್ಕೊಂಡು ಬನ್ನಿ. ಅವರನ್ನೂ ಪರೀಕ್ಷೆ ಮಾಡಬೇಕಾಗುತ್ತೆ."

ಬಸ್ಸಿನಲ್ಲಿ ಬೊಳ್ಳಮ್ಮ ದಾರಿಯುದ್ದಕ್ಕೂ ಡಾಕ್ಟರನ್ನು ಬೈದಳು. ಗಂಡಸನ್ನು ಪರೀಕ್ಷೆ ಮಾಡುವುದಂತೆ, ನಾಚಿಕೆ ಬೇಡವಾ? ಮನೆಗೆ ಬಂದು ಅದೇ ಸಿಟ್ಟಿನಲ್ಲಿ ಮಗನ ಎದುರೂ ಅಂದಳು, ಅಂದ ಮೇಲೆ ನಾಲಗೆ ಕಚ್ಚಿಕೊಂಡಳು. ಸೋಮಯ್ಯ ಕತ್ತಿ ಮಸೆಯುತ್ತಿದ್ದವನು ಕೈ ನಿಲ್ಲಿಸಿದ. ಅವನಿಗೆ ಮೀಸೆ ಮೂಡುವ ವಯಸ್ಸಿನಲ್ಲಿ ಕೆಪ್ಪಟೆ ಬಂದಿತ್ತು. ಕೆನ್ನೆಯ ಬಾವು ಬೀಜಗಳಿಗೆ ಇಳಿದು ವಾರಗಟ್ಟಲೆ ನಡೆಯಲಾಗದೆ ಮಲಗಿದ್ದ. ಇಂಥವರಿಗೆ ಮುಂದೆ ಮಕ್ಕಳಾಗುವುದು ಕಷ್ಟ ಎಂದು ಆಗ ಯಾರೋ ಅಂದದ್ದು ಅವನ ಮನಸ್ಸಿನಲ್ಲಿ ಉಳಿದಿತ್ತು. ತಿಂಗಳು ತಪ್ಪದೆ ಹೊರಗೆ ಕೂರುವ ಹೆಂಡತಿ ಒಂದು ಕಡೆ, ತನ್ನ ಕೆಪ್ಪಟೆ ಒಂದು ಕಡೆ. ಅವನು ಯಾವ ಪರೀಕ್ಷೆಗೂ ಹೋಗಲಿಲ್ಲ. ತಾನೇ ತೀರ್ಪು ಕೊಟ್ಟುಕೊಂಡ.

"ಆ ಗೂಡೆ ಸರೋಜನ ಮನೆಯವ್ಕೆ ಬೊತ್ತೂಂತ ಹೇಳಿಬುಡು ಅವ್ವ," ಎಂದ. "ತಪ್ಪು ನಂದ್. ಇನ್ನೊಂದ್ ಹೆಣ್ಣ್‌ನ ತಂದ್ ಹಾಳ್ ಮಾಡುದು ಬೊತ್ತು."

ಅವ್ವನ ಎದುರು ಅವನು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಸರೋಜಳ ಮಾತು ನಿಂತಿತು, ಯಾಕೆ ನಿಂತಿತೆಂಬುದು ಕೇರಿಯಲ್ಲೆಲ್ಲ ಹರಡಿತು. ಯಮುನ ಉಳಿದುಕೊಂಡಳು. ಉಳಿದುಕೊಂಡ ಸಂತೋಷ ಒಂದು ವಾರವೂ ಬಾಳಲಿಲ್ಲ.

ಸೋಮಯ್ಯ ಕುಗ್ಗುತ್ತಾ ಹೋದ. ಮೊದಲು ಸಂಜೆ ಇಸ್ಪೀಟಿಗೆ ಹೋಗುವುದು ಬಿಟ್ಟ, ಆಮೇಲೆ ಮದುವೆ ಮನೆಗಳಿಗೆ ಹೋಗುವುದು ಬಿಟ್ಟ. ಹೆಂಡತಿಯ ಹತ್ತಿರ ಕ್ಷಮೆ ಕೇಳುವವನ ಹಾಗೆ ನಡೆದುಕೊಳ್ಳತೊಡಗಿದ. ಅವಳು ನೀರು ಕೊಟ್ಟರೆ ಎರಡು ಕೈಯಲ್ಲಿ ತೆಗೆದುಕೊಳ್ಳುವನು. ಒಂದು ದಿನ ಪಕ್ಕದಲ್ಲಿ ಕೂತು, ನಿನ್ನ ಬಾಳು ನನ್ನಿಂದ ಹಾಳಾಯಿತು ಎಂದ. ಯಮುನ ಆಗ ಹೇಳಿಬಿಡಬೇಕಿತ್ತು. ಹೇಳಿದರೆ ಅವನು ಬಿಡುಗಡೆಯಾಗುತ್ತಾನೆ, ತಾನು ಬೀದಿಗೆ ಬೀಳುತ್ತೇನೆ. ಹೇಳದಿದ್ದರೆ ತನ್ನ ಕಾಯಿಲೆಗೆ ಮದ್ದೂ ಇಲ್ಲ, ಅವನಿಗೆ ಬಿಡುಗಡೆಯೂ ಇಲ್ಲ. ನೀರು ತರುವ ನೆಪದಲ್ಲಿ ಅವಳು ಎದ್ದು ಒಳಗೆ ಹೋದಳು. ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿದ್ದು ಅವತ್ತು.

ನಾಟಿ ಮುಗಿದು ಕೈಲುಮುಹೂರ್ತದ ಹಬ್ಬ ಬಂತು. ಕೋವಿಗಳಿಗೆ ಪೂಜೆ ಮಾಡಿ, ಕಡುಬು, ಹಂದಿ ಸಾರು ಉಂಡು, ಊರಿನ ಗಂಡಸರು ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದಕ್ಕೆ ಸೇರಿದರು. ಸೋಮಯ್ಯ ಹೋಗುವುದಿಲ್ಲ ಎಂದಿದ್ದ, ಬೊಳ್ಳಮ್ಮನೇ ಹೊರಡಿಸಿದಳು. ಮರದ ತುದಿಗೆ ಕಟ್ಟಿದ ಕಾಯಿಗೆ ಅವನು ಗುರಿಯಿಟ್ಟ. ತಪ್ಪಿತು. ಇನ್ನೊಮ್ಮೆ ಹೊಡೆದ, ಅದೂ ತಪ್ಪಿತು. ದಾಯಾದಿ ಅಪ್ಪಯ್ಯನಿಗೆ ಸ್ವಲ್ಪ ಏರಿತ್ತು.

"ಅವನ ಕೋವಿಲಿ ಮದ್ದೇ ಇಲ್ಲೆ, ಕಾಯಿ ಎಲ್ಲಿಂದ ಬೀಳುದು," ಎಂದ ಅಪ್ಪಯ್ಯ.

ಗಂಡಸರು ನಕ್ಕರು. ಆ ಕಡೆ ನಿಂತಿದ್ದ ಹೆಂಗಸರಲ್ಲೂ ಕೆಲವರು ಸೆರಗು ಬಾಯಿಗೆ ಒತ್ತಿಕೊಂಡರು. ಸೋಮಯ್ಯ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಯಾರನ್ನೂ ನೋಡದೆ ಗದ್ದೆ ಬದುವಿನ ಮೇಲೆ ಹೊರಟುಹೋದ. ಯಮುನ ಹೆಂಗಸರ ನಡುವೆ ನಿಂತಿದ್ದಳು. ಆ ನಗು ತನಗೆ ಬರಬೇಕಾದದ್ದು, ದಾರಿ ತಪ್ಪಿ ಅವನ ಬೆನ್ನಿಗೆ ಬಿತ್ತು ಎಂದು ಅವಳಿಗೆ ಅನ್ನಿಸಿತು.

ಅದಾದ ಮೇಲೆ ಅವಳ ಮನಸ್ಸು ಮನೆಯಲ್ಲಿರಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು. ಹೇಗೆ ಹೇಳಲಿ, ಯಾವಾಗ ಹೇಳಲಿ ಎನ್ನುವುದರಲ್ಲೇ ದಿನ ಹೋಗುತ್ತಿತ್ತು. ಉಳಿದ ಹೆಂಗಸರಿಗೆ ಮೈಯೇ ನೆನಪು ಮಾಡುತ್ತದೆ, ಯಮುನಳಿಗೆ ಆಕಾಶ ನೋಡಿಯೇ ನೆನಪಾಗಬೇಕು. ಆ ತಿಂಗಳು ಆಕಾಶದಲ್ಲಿ ಮೋಡ, ಅವಳ ತಲೆಯಲ್ಲಿ ಸೋಮಯ್ಯನ ಬೆನ್ನು. ಹುಣ್ಣಿಮೆ ಬಂದದ್ದೂ ಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಹೊರಗೆ ಕೂರುವುದಕ್ಕೆ ಮರೆತಳು.

ಬೊಳ್ಳಮ್ಮ ಮರೆಯಲಿಲ್ಲ. ಮರುದಿನ ನೋಡಿದಳು, ಅದರ ಮರುದಿನ ನೋಡಿದಳು. ಈ ಸಲ ಅವಸರ ಮಾಡಬಾರದು ಎಂದು ಬಾಯಿ ಕಟ್ಟಿಕೊಂಡು ಅಮಾವಾಸ್ಯೆಯವರೆಗೆ ಕಾದಳು. ಬಾಯಿ ಕಟ್ಟಿ ಅಭ್ಯಾಸವಿಲ್ಲದವಳು ಎಷ್ಟು ದಿನ ತಡೆದಾಳು? ಒಂದು ಮಧ್ಯಾಹ್ನ ಅಪ್ಪಯ್ಯನ ಅಂಗಳದಲ್ಲೇ ಹೋಗಿ ನಿಂತು, ಮದ್ದು ಇದೆಯೋ ಇಲ್ಲವೋ ಬಂದು ನೋಡು ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿ ಬಂದಳು. ಯಮುನ ಹಿತ್ತಿಲಲ್ಲಿ ಕೆಸುವಿನ ಎಲೆ ಕೊಯ್ಯುತ್ತಿದ್ದಳು. ಅತ್ತೆ ಬಂದು ಅವಳ ಕೈಯಿಂದ ಕತ್ತಿ ಕಿತ್ತುಕೊಂಡಳು.

"ಬಗ್ಗಿಕೆ ಹೋಗ್ಬೇಡ," ಎಂದಳು, ಯಮುನ ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ. "ನಂಗೆ ಗೊತ್ತುಟ್ಟು."

ಯಮುನಳಿಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಹಿಡಿಯಿತು. ಅರ್ಥವಾದ ಕೂಡಲೇ ಅವಳು ತಲೆಯೆತ್ತಿ ಚಂದ್ರನನ್ನು ಹುಡುಕಿದಳು, ಹಗಲಿನ ಆಕಾಶದಲ್ಲಿ ಚಂದ್ರನೆಲ್ಲಿ? ಅಷ್ಟರಲ್ಲಿ ಗದ್ದೆಯಿಂದ ಸೋಮಯ್ಯ ಬರುವುದು ಕಾಣಿಸಿತು. ಅವನಿಗೆ ದಾರಿಯಲ್ಲೇ ಸುದ್ದಿ ಸಿಕ್ಕಿತ್ತು. ನಡೆಯುತ್ತಿರಲಿಲ್ಲ, ಓಡುತ್ತಿರಲೂ ಇಲ್ಲ, ಎರಡರ ನಡುವೆ ಏನೋ ಮಾಡುತ್ತಿದ್ದ. ಮುಖ ತೊಳೆದಿಟ್ಟ ಹಾಗಿತ್ತು. ಅಂಗಳದಲ್ಲಿ ನಿಂತು ಹೆಂಡತಿಯನ್ನು ನೋಡಿದ.

ಯಮುನಳಿಗೆ ಆಗ ಒಂದು ದಾರಿ ಕಂಡದ್ದು ಸುಳ್ಳಲ್ಲ. ಸುಮ್ಮನಿರುವುದು. ಒಂದು ತಿಂಗಳು ಕಳೆಯಲಿ, ಎರಡು ಕಳೆಯಲಿ, ಆಮೇಲೆ ಹೊರಗೆ ಹೋಗಿ ಕೂತು ಇಳಿಯಿತು ಅಂದರೆ ಆಯಿತು. ಅವನು ಗಂಡಸು ಎಂದು ಊರಿಗೆ ಗೊತ್ತಾಗಿರುತ್ತದೆ. ಅಪ್ಪಯ್ಯನ ಬಾಯಿ ಮುಚ್ಚಿರುತ್ತದೆ. ಅವಳು ಮತ್ತೆ ಮಗು ತಿನ್ನುವವಳಾಗುತ್ತಾಳೆ, ಅಷ್ಟೇ ತಾನೆ? ಅವಳು ಆ ದಾರಿಯನ್ನು ಕೊನೆಯವರೆಗೂ ನೋಡಿದಳು. ಅದರ ಕೊನೆಯಲ್ಲಿ ಕೊಟ್ಟಿಗೆಯ ಪಕ್ಕದ ಅದೇ ಕೋಣೆ ಇತ್ತು, ಸಾಯುವವರೆಗೂ.

"ನಾ ಬಸ್ರಿ ಅಲ್ಲ," ಎಂದಳು.

ಬೊಳ್ಳಮ್ಮ ನಕ್ಕಳು, ಈಗಿನ ಹುಡುಗಿಯರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದಳು. ಯಮುನ ಅವಳ ಕಡೆ ನೋಡಲಿಲ್ಲ. ಗಂಡನನ್ನೇ ನೋಡಿ ಹೇಳಿದಳು. ತನಗೆ ತಿಂಗಳು ತಿಂಗಳು ಮುಟ್ಟು ಬರುವುದೇ ಇಲ್ಲ, ಮದುವೆಯ ಮೊದಲಿಂದಲೂ ಇಲ್ಲ. ಹೊರಗೆ ಕೂತದ್ದೆಲ್ಲ ಸುಳ್ಳಿಗೆ. ಡಾಕ್ಟರಮ್ಮ ಹೇಳಿದ ಗುಳ್ಳೆಯ ಕಾಯಿಲೆ ತನ್ನದೇ. ಅವನ ಕೆಪ್ಪಟೆಯ ಮೇಲೆ ಈ ತಪ್ಪು ಹೊರಿಸುವ ಹಾಗಿಲ್ಲ. ಒಂದೂ ಮಾತು ನಡುಗಲಿಲ್ಲ. ಎಷ್ಟೋ ಸಲ ಮನಸ್ಸಿನೊಳಗೆ ಹೇಳಿ ಹೇಳಿ ಮಾತು ಸವೆದುಹೋಗಿತ್ತು.

ಸೋಮಯ್ಯನ ಮುಖದಲ್ಲಿದ್ದ ಬೆಳಕು ಆರಿತು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಹಗುರಾದವನ ಉಸಿರು. ಅವನು ಅದನ್ನು ಹೆಂಡತಿ ನೋಡಬಾರದೆಂದು ಮುಖ ತಿರುಗಿಸಿದ. ಅವಳು ನೋಡಿಯಾಗಿತ್ತು.

ಬೊಳ್ಳಮ್ಮ ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೂಗಾಡುತ್ತಾಳೆ ಎಂದುಕೊಂಡಿದ್ದಳು ಯಮುನ. ಬೊಳ್ಳಮ್ಮ ಕೇಳಿದ್ದೇ ಬೇರೆ.

"ಹಂಗಾರೆ ಇಷ್ಟ್ ವರ್ಷ ನೀ ಅಲ್ಲಿ ಎಂಥ ಮಾಡ್ತಿದ್ದ?"

"ಕೂತಿದ್ದೆ ಅತ್ತೆ."

"ಡಾಕ್ಟ್ರಮ್ಮನ ಹತ್ರ ಆದ್ರೂ ಹೇಳಿಕೆ ನಿಂಗೆ ಬಾಯಿ ಇತ್ಲೆನಾ?"

"ಅವು ಕೇಳಿದ್ದು ನನ್ನ. ಹೇಳಿದ್ದು ನೀವು. ನಾ ಹೂಂ ಅಂದದ್ದ್ ಅಷ್ಟೆ. ಹೂಂ ಅನ್ನದೆ ಇದ್ದಿದ್ದರೆ ಅವತ್ತೇ ಸರೋಜ ಈ ಮನೆಗೆ ಬರ್ತಿತ್ತ್."

"ಬರದೆ ಮತ್ತೆ?" ಬೊಳ್ಳಮ್ಮನಿಗೆ ಈಗ ಹಿಡಿಯುವುದಕ್ಕೆ ಏನೋ ಸಿಕ್ಕಿತು. "ಆ ಗೂಡೆಗೆ ಇನ್ನೂ ಮದುವೆ ಆತ್ಲೆ. ಹುತ್ತರಿವರೆಗೆ ಕಾಯಿರೀಂತ ಹೇಳಿರೆ ಕಾಯುವೊ."

ಯಮುನ ಗಂಡನ ಮಾತಿಗೆ ಕಾದಳು. ತಪ್ಪು ತನ್ನದು ಎಂದುಕೊಂಡಿದ್ದಾಗ ಅವನೇ ಇದೇ ಅಂಗಳದಲ್ಲಿ ಬೇಡ ಎಂದು ಹೇಳಿದ್ದ. ಅದೇ ಮಾತನ್ನು ಇನ್ನೊಮ್ಮೆ ಹೇಳಿದರೆ ಸಾಕು. ಸೋಮಯ್ಯ ಕಾಲಿನ ಕೆಸರನ್ನು ಇನ್ನೊಂದು ಕಾಲಿಂದ ಉಜ್ಜುತ್ತಿದ್ದ.

"ಮೊದಲು ಡಾಕ್ಟ್ರಮ್ಮನ ಹತ್ರ ಹೋಗಿ ಬರುವೊ," ಎಂದ. "ಮತ್ತೆ ನೋಡುವೊ."

"ತಪ್ಪು ನಿಮ್ಮದ್ ಅಂತ ಆದಾಗ ನಂಗೆ 'ಮತ್ತೆ' ಅನ್ನುದು ಇದ್ದಿತ್ಲೆ," ಎಂದಳು ಯಮುನ. "ಬೇರೆ ಗಂಡನ ಹುಡ್ಕಿಕೆ ಯಾರೂ ಹೊರಟಿತ್ಲೆ."

ಇಂಥ ಮಾತು ಆ ಮನೆಯಲ್ಲಿ ಯಾವ ಹೆಂಗಸೂ ಆಡಿರಲಿಲ್ಲ, ಬೊಳ್ಳಮ್ಮನೂ ಆಡಿರಲಿಲ್ಲ. ಬೊಳ್ಳಮ್ಮ ಮೆಟ್ಟಿಲಿಂದ ಎದ್ದು ಒಳಗೆ ಹೋದಳು. ಕೆಸುವಿನ ಎಲೆ ಹಿತ್ತಿಲಲ್ಲೇ ಬಾಡಿತು.

ಮರುದಿನದ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೇ ಹೋದರು. ಸೋಮಯ್ಯ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನಿಗೆ ಸಿಟ್ಟು ಬಂದಿದೆಯೋ, ಬೇಸರವೋ ಯಮುನಳಿಗೆ ತಿಳಿಯಲಿಲ್ಲ. ತಿಂಗಳುಗಟ್ಟಲೆ ಅವನನ್ನು ಊರ ನಗೆಗೆ ಕೊಟ್ಟವಳು ತಾನು. ಸಿಟ್ಟು ಬಂದಿದ್ದರೆ ಅದು ನ್ಯಾಯವೇ.

ವಿಶಾಲಾಕ್ಷಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. ನನಗೆ ಅವತ್ತೇ ನಿಮ್ಮತ್ತೆಯನ್ನು ಹೊರಗೆ ಕಳಿಸುವ ಧೈರ್ಯ ಇರಬೇಕಿತ್ತು ಎಂದರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಕೊನೇ ಸಲ ನಿಜವಾಗಿ ಬಂದದ್ದು ಯಾವಾಗಮ್ಮ?"

ಯಮುನ ಬಾಯಿ ತೆರೆದಳು. ಏನೂ ಬರಲಿಲ್ಲ. ಸುಳ್ಳಿನ ದಿನಗಳನ್ನು ಕೇಳಿದ್ದರೆ ಒಂದೂ ಬಿಡದೆ ಹೇಳುತ್ತಿದ್ದಳು. ನಿಜದ ದಿನಗಳನ್ನು ಎಲ್ಲರಿಂದ ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಳೆಂದರೆ, ಈಗ ಅವಳಿಗೇ ಸಿಕ್ಕುತ್ತಿರಲಿಲ್ಲ. ಅಂಗಳದಲ್ಲಿ ಬಾರದ ಅಳು ಅಲ್ಲಿ ಬಂತು.

"ಕಕ್ಕಡ ತಿಂಗಳ ಮಳೆಲಿ," ಎಂದ ಸೋಮಯ್ಯ ಗೋಡೆಯ ಹತ್ತಿರದಿಂದ. "ದೊಡ್ಡ ಗದ್ದೆ ನಾಟಿ ದಿನ."

ಇಬ್ಬರೂ ಅವನ ಕಡೆ ತಿರುಗಿದರು. ಅವನು ಹೆಂಡತಿಯನ್ನು ನೋಡದೆ ಹೇಳಿದ. ಅವತ್ತು ಅವಳ ಕಾಲಲ್ಲಿ ರಕ್ತ ಇಳಿಯುವುದನ್ನು ತಾನು ಕಂಡಿದ್ದೆ. ಕೇಳಿದರೆ ಜಿಗಣೆ ಕಚ್ಚಿತು ಅಂದಳು. ಮನೆಗೆ ಓಡಿ ಸುಣ್ಣ ತಂದುಕೊಟ್ಟೆ. ಗಾಯವೇ ಇಲ್ಲದ ಕಾಲಿಗೆ ಅವಳು ಅದನ್ನು ಹಚ್ಚಿಕೊಂಡಳು. ಜಿಗಣೆ ಕಚ್ಚಿದರೆ ಇಷ್ಟು ಯಾಕೆ ಮುಖ ಬಾಡಬೇಕು ಎಂದು ಆಗಲೂ ಅನ್ನಿಸಿತ್ತು, ಕೇಳಲಿಲ್ಲ.

"ಕೇಳಕ್ಕಾಗಿತ್ತ್," ಎಂದ ಕೊನೆಗೆ, ಯಾರಿಗೆ ಎಂದಲ್ಲದೆ.

ಡಾಕ್ಟರು ಅದನ್ನು ಬರೆದುಕೊಂಡರು. ಮದರಾಸಿಗೆ ಬರೆದು ಕೇಳುತ್ತೇನೆ, ಅಷ್ಟರೊಳಗೆ ಊಟ ತಿಂಡಿಯಲ್ಲಿ ಹೀಗೆ ಹೀಗೆ ಮಾಡು ಎಂದು ಯಮುನಳಿಗೆ ತಿಳಿಸಿದರು. ಮಗು ಆಗಬಹುದು, ಆಗದೆಯೂ ಇರಬಹುದು. ಆದರೆ ಮುಟ್ಟು ಸರಿಯಾಗಿ ಹೋಗುವುದು ಅವಳ ಮೈಗೇ ಬೇಕು, ಇದು ಬಾಳುವಷ್ಟು ದಿನ ನೋಡಿಕೊಳ್ಳಬೇಕಾದ ಕಾಯಿಲೆ ಎಂದರು. ವರ್ಷ ಹಿಡಿಯಬಹುದು, ಎರಡೂ ಹಿಡಿಯಬಹುದು.

"ಮನೇಲಿ ಅವಸರ ಮಾಡ್ತಾರಾ?" ಎಂದು ಸೋಮಯ್ಯನನ್ನು ಕೇಳಿದರು.

ಯಮುನ ನೆಲ ನೋಡಿದಳು. ಅವಳಿಗೆ ಬೇಕಿದ್ದ ಪ್ರಶ್ನೆಯನ್ನು ಬೇರೆ ಯಾರೋ ಕೇಳಿದ್ದರು, ಉತ್ತರ ಯಾವ ಕಡೆ ಬೀಳುತ್ತದೋ ಗೊತ್ತಿರಲಿಲ್ಲ. ಹೊರಗೆ ಯಾವುದೋ ಬಸ್ಸು ಹಾರ್ನು ಹೊಡೆದುಕೊಂಡು ಏರು ಹತ್ತಿತು.

"ಅವ್ವಂಗೆ ಉಟ್ಟು," ಎಂದ. "ನಂಗೆ ಇಲ್ಲೆ."

ಬೊಳ್ಳಮ್ಮನ ಅವಸರದ ಮುಂದೆ ಈ ಮಾತು ಎಷ್ಟು ದಿನ ನಿಲ್ಲುತ್ತದೆಂದು ಯಮುನಳಿಗೆ ತಿಳಿಯದು. ಹುತ್ತರಿಯವರೆಗೆ ನಿಂತೀತು, ಅದರಾಚೆಗೆ ಹೇಳುವ ಹಾಗಿಲ್ಲ. ಅವಳು ಸೆರಗಲ್ಲಿ ಮುಖ ಒರೆಸಿಕೊಂಡು, ಕಕ್ಕಡದಿಂದ ಹಿಂದಕ್ಕೆ ಒಂದೊಂದೇ ತಿಂಗಳು ನೆನಪು ಮಾಡಿಕೊಂಡು ಡಾಕ್ಟರಮ್ಮನಿಗೆ ಹೇಳತೊಡಗಿದಳು.